ನನ್ನ ಮರ, ಷಡ್ಡಕನ ಗಾಜು

ದೋಣಿಯ ಮರದ ಕೆಲಸ ಮುಗಿದ ಮೇಲೂ ನಾನು ಷಡ್ಡಕನಿಗೆ ಫೋನು ಮಾಡಲಿಲ್ಲ. ಸ್ಯಾಂಡ್‌ಪೇಪರು ಹಿಡಿದು, ಉಜ್ಜಿದ ಜಾಗವನ್ನೇ ಮತ್ತೆ ಮತ್ತೆ ಉಜ್ಜುತ್ತಾ ದಿನ ತಳ್ಳಿದೆ. ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿಗೇ ಕೊನೆಗೆ ತಡೆಯಲಾಗಲಿಲ್ಲ.

“ಇನ್ನೊಂದ್ ವಾರ ಇಂಗೇ ಉಜ್ಜುದ್ರೆ ದೋಣಿ ಸವ್ದು ಮೊರ ಆಯ್ತದೆ. ನಮ್ ತಂಗಿ ಯಜಮಾನ್ರಿಗೆ ಒಂದ್ ಫೋನ್ ಮಾಡಿ. ಅವ್ರು ಗೋವಾದಲ್ಲಿ ಇದ್ನೇ ತಾನೆ ಮಾಡ್ತಿದ್ದುದ್ದು?”

ಅವನು ಗೋವಾದಲ್ಲಿ ಇದನ್ನೇ ಮಾಡುತ್ತಿದ್ದ ಎಂಬುದೇ ನನ್ನ ಕಷ್ಟವಾಗಿತ್ತು.

ನಾನು ಶ್ರೀರಂಗಪಟ್ಟಣದಲ್ಲಿ ಮಂಚ, ಬಾಗಿಲು, ಕಿಟಕಿ ಮಾಡುವ ಮರಗೆಲಸದವನು. ಮನೆ ಪಾಂಡವಪುರದ ಪಕ್ಕದ ಹಳ್ಳಿಯಲ್ಲಿ. ಕನ್ನಂಬಾಡಿಯ ಹಿನ್ನೀರಿನಲ್ಲಿ ಹಾಯಿದೋಣಿ ಓಡಿಸುವ ಹವ್ಯಾಸದವರೊಬ್ಬರು ಒಮ್ಮೆ ಮುರಿದ ಚುಕ್ಕಾಣಿಯನ್ನು ರಿಪೇರಿಗೆ ತಂದಿದ್ದರು. ಸರಿ ಮಾಡಿ ಕೊಡಲು ಹೋದಾಗ ನನ್ನನ್ನೂ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದರು. ಎಂಜಿನ್ನಿಲ್ಲ, ಹುಟ್ಟು ಹಾಕುವವರಿಲ್ಲ. ಬಟ್ಟೆಯೊಂದು ಗಾಳಿ ತುಂಬಿಕೊಂಡು ನಮ್ಮನ್ನು ಎಳೆದುಕೊಂಡು ಹೋಯಿತು. ಆವತ್ತು ಹತ್ತಿದ ಹುಚ್ಚು ಇಳಿಯಲೇ ಇಲ್ಲ. ಅಂಥದ್ದೊಂದನ್ನು ನಾನೇ ಕಟ್ಟಬೇಕು, ನಾನೇ ಚುಕ್ಕಾಣಿ ಹಿಡಿಯಬೇಕು, ನೋಡಿದವರು ಇದು ಇಂಥವನು ಕಟ್ಟಿದ್ದು ಎಂದು ನನ್ನ ಹೆಸರು ಹೇಳಬೇಕು. ಆಸೆ ಇಷ್ಟೇ. ಅದರಲ್ಲಿ ಎರಡನೆಯವನಿಗೆ ಜಾಗ ಇರಲಿಲ್ಲ.

ಹಿತ್ತಿಲ ಕೊಟ್ಟಿಗೆಯಲ್ಲಿದ್ದ ಸೀಮೆಹಸುಗಳನ್ನು ಹುಣಸೆಮರದ ಕೆಳಗೆ ಶೀಟು ಹಾಕಿ ಅಲ್ಲಿಗೆ ಸಾಗಿಸಿದೆ. ಅವು ದಾರಿಯುದ್ದಕ್ಕೂ ಬೈದವು, ಹೆಂಡತಿ ಆಮೇಲೆ ಬೈದಳು. ಕೊಟ್ಟಿಗೆಯ ನೆಲ ತೊಳೆದು, ಇಬ್ಬರು ಕೂರುವಂಥ ಹನ್ನೆರಡು ಅಡಿಯ ದೋಣಿಯ ನಕ್ಷೆಯನ್ನು ಮೈಸೂರಿನಲ್ಲಿ ದೊಡ್ಡ ಹಾಳೆಗಳ ಮೇಲೆ ಪ್ರಿಂಟು ಹಾಕಿಸಿ ತಂದೆ. ಪ್ಲೈವುಡ್ ಹಾಳೆ ಎಂಟು ಅಡಿ ಮಾತ್ರ. ಹಾಗಾಗಿ ಎರಡು ಹಾಳೆಗಳ ತುದಿಯನ್ನು ಇಳಿಜಾರಾಗಿ ಹೆರೆದು, ಒಂದರ ಮೇಲೊಂದು ಕೂರಿಸಿ ಅಂಟಿಸಬೇಕು. ಈ ಓರೆ ಜೋಡಣೆಯಲ್ಲಿ ಇಳಿಜಾರು ಹಲಗೆಯ ದಪ್ಪದ ಎಂಟು ಪಟ್ಟು ಉದ್ದ ಇರಬೇಕು. ಹತ್ತರಿ ಹೊಡೆಯುತ್ತಾ ಹೋದಂತೆ ಪ್ಲೈಯ ಒಂದೊಂದು ಪದರವೂ ಪಟ್ಟೆಯಾಗಿ ಕಾಣುತ್ತದೆ. ಪಟ್ಟೆಗಳು ನೆಟ್ಟಗಿದ್ದರೆ ಇಳಿಜಾರು ಸರಿ ಇದೆ ಎಂದು ಅರ್ಥ. ನನ್ನವು ಸೀರೆಯ ಅಂಚಿನ ಹಾಗೆ ನೆಟ್ಟಗಿದ್ದವು. ಆಮೇಲೆ ಹಲಗೆಗಳನ್ನು ಕತ್ತರಿಸಿ, ಅಂಚಿನಲ್ಲಿ ಸಣ್ಣ ತೂತು ಕೊರೆದು, ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಹೊಲಿದೆ. ಚಪ್ಪಟೆ ಬಿದ್ದಿದ್ದ ಹಲಗೆಗಳು ತಂತಿ ಬಿಗಿದಂತೆಲ್ಲ ಎದ್ದು, ಬಳುಕಿ, ದೋಣಿಯಾದವು. ಆವತ್ತು ಹಸುಗಳಿಗೂ ಕರೆದು ತೋರಿಸಬೇಕು ಅನ್ನಿಸಿತು.

ಅಷ್ಟು ನನ್ನ ಕೈಲಾಯಿತು. ಆದರೆ ಬರೀ ಪ್ಲೈವುಡ್ಡು ನೀರಿನಲ್ಲಿ ಬಾಳುವುದಿಲ್ಲ. ಅದರ ಮೈಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ, ಎಪಾಕ್ಸಿ ರೆಸಿನ್ ಎಂಬ ಅಂಟು ಕುಡಿಸಿ ಗಟ್ಟಿ ಮಾಡಬೇಕು. ಆ ವಿದ್ಯೆ ನನಗೆ ಬಾರದು. ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ನನಗೆ ಗೊತ್ತಿದ್ದ ಹಾಗೆ ಅದು ಬರುತ್ತಿದ್ದವನು ಒಬ್ಬನೇ. ಗೋವಾದ ದೋಣಿ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಈಗ ಕೆ.ಆರ್.ಎಸ್.ನಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿರುವ ನನ್ನ ನಾದಿನಿಯ ಗಂಡ. ಮಾವನ ಮನೆಯಲ್ಲಿ ಮೊದಲೇ ಅವನ ತೂಕ ಒಂದು ಕೈ ಜಾಸ್ತಿ. ಸಮುದ್ರ ಕಂಡು ಬಂದವನು ತಾನೇ.

ಫೋನು ಮಾಡಿದ ಮಾರನೆಯ ದಿನವೇ ಬಂದ. ಚಪ್ಪಲಿ ಹೊರಗೆ ಬಿಟ್ಟು ಕೊಟ್ಟಿಗೆಯೊಳಗೆ ಕಾಲಿಟ್ಟ. ಕಣ್ಣು ಮುಚ್ಚಿಕೊಂಡು ದೋಣಿಯ ಮೂತಿಯಿಂದ ಹಿಂಬದಿಯ ತನಕ ಅಂಗೈ ಸವರುತ್ತಾ ಹೋದ. ಮುಕ್ಕಾಲು ದಾರಿಯಲ್ಲಿ ಕೈ ನಿಂತಿತು.

“ಇಲ್ಲೊಂಚೂರು ಉಬ್ಬದೆ ಕಣಣ್ಣ.”

ನಾನು ಅಷ್ಟು ದಿನ ಉಜ್ಜಿದ್ದೆ, ನನಗೆ ಸಿಕ್ಕಿರಲಿಲ್ಲ. ಬೆರಳಿಟ್ಟು ನೋಡಿದೆ. ಹೌದು, ಉಬ್ಬಿತ್ತು.

“ಉಳಿದಿದ್ದೆಲ್ಲಾ ಬಾಳ ಚೆಂದಾಗ್ ಮಾಡಿದೀರಿ. ನಮ್ ಕಾರ್ಖಾನೇಲೂ ಇಂಥ ಜೋಡ್ಣೆ ಮಾಡೋರು ಕಮ್ಮಿ,” ಎಂದ. ಜಂಬ ಕೊಚ್ಚಿಕೊಂಡಿದ್ದರೆ ಅವನನ್ನು ಕಂಡು ಉರಿದುಕೊಳ್ಳುವುದು ನನಗೆ ಸಲೀಸಾಗುತ್ತಿತ್ತು. ಹೊಗಳಿ ನನ್ನ ಬಾಯಿ ಕಟ್ಟಿದ.

ಹೋಟೆಲಿಗೆ ರಜೆ ಇದ್ದ ದಿನಗಳಲ್ಲೆಲ್ಲಾ ಬರತೊಡಗಿದ. ಅವನು ಬರುವ ದಿನ ನಮ್ಮ ಮನೆಯಲ್ಲಿ ನಾಟಿಕೋಳಿ ಸಾರು, ಮುದ್ದೆ. ಬರದ ದಿನ ಸೊಪ್ಪಿನ ಸಾರು. ಈ ಲೆಕ್ಕ ನನಗೆ ಬೇಗ ತಿಳಿಯಿತು. ಕೇಳಿದರೆ ನನ್ನ ಹೆಂಡತಿ, “ಪಾಪ, ಬಿಟ್ಟಿ ಕೆಲ್ಸ ಮಾಡ್ಕೊಡ್ತಾವ್ರೆ, ಒಂದು ಕೋಳಿ ಕುಯ್ದ್ರೆ ನಿಮ್ಗೇನು? ನೀವೂ ತಿಂತೀರಲ್ಲ,” ಅಂದಳು. ತಿನ್ನುತ್ತಿದ್ದೆ, ನಿಜ. ಆದರೆ ತೊಡೆಯ ತುಂಡು ಅವನ ತಟ್ಟೆಗೇ ಬೀಳುತ್ತಿತ್ತು.

ಮೊದಲ ದಿನವೇ ನಾನು ನಗೆಪಾಟಲಾದೆ. ರೆಸಿನ್ನಿಗೆ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಬೆರೆಸುವ ಕೆಲಸ ನನಗೆ ಕೊಟ್ಟಿದ್ದ. ಸ್ವಲ್ಪ ಸ್ವಲ್ಪವೇ ಬೆರೆಸಿ ಎಂದಿದ್ದ. ಪದೇ ಪದೇ ಯಾಕೆ ಎಂದು ನಾನು ಮಗ್ಗಿನ ತುಂಬಾ ಒಂದೇ ಸಲ ಬೆರೆಸಿದೆ. ಬೇಸಿಗೆಯ ಬಿಸಿಲು, ಮೇಲೆ ಶೀಟು. ನೋಡುನೋಡುತ್ತಿದ್ದಂತೆ ಮಗ್ಗು ಕೈ ಸುಡುವಷ್ಟು ಕಾದು, ಹೊಗೆಯಾಡತೊಡಗಿತು. ಷಡ್ಡಕ ಓಡಿ ಬಂದು ಅದನ್ನು ಕಿತ್ತುಕೊಂಡು ಹೊರಗೆ ಮಣ್ಣಿನ ಮೇಲೆ ಚೆಲ್ಲಿದ.

“ಮಗ್ಗಲ್ಲಿ ಗುಡ್ಡೆಯಾಗಿದ್ರೆ ಅದ್ರ ಬಿಸಿಗೆ ಅದೇ ಕುದ್ದೋಯ್ತದೆ. ಅಗ್ಲದ ತಟ್ಟೇಲಿ ತೆಳ್ಳುಗ್ ಅರಡ್ಬೇಕು, ಆಗ ತಣ್ಣುಗ್ ಇರ್ತದೆ.”

ಅವನು ಹೇಳಿದ್ದು ಮೆಲ್ಲಗೆ. ಕೇಳಿಸಿಕೊಂಡದ್ದು ಮಾತ್ರ ಬೇಲಿಯಾಚೆ ನಿಂತಿದ್ದ ಅಕ್ಕಪಕ್ಕದವರೆಲ್ಲಾ. ಆವತ್ತಿನಿಂದ ಊರಿನಲ್ಲಿ ದೋಣಿಯ ಯಜಮಾನ ಬದಲಾದ. ಡೈರಿಗೆ ಹಾಲು ಹಾಕಲು ಹೋಗಿದ್ದ ನನ್ನ ಹೆಂಡತಿ ನಗುತ್ತಾ ಬಂದು, “‘ನಿಮ್ಮನೇಲಿ ಗೋವಾದವ್ರು ದೋಣಿ ಕಟ್ತಾವ್ರಂತಲ್ಲ’ ಅಂತ ಎಲ್ಲಾರೂ ಕೇಳ್ತಾವ್ರೆ,” ಅಂದಳು. ನೀನೇನು ಹೇಳಿದೆ ಎಂದು ಕೇಳಿದೆ. “ಊ ಅಂದೆ,” ಅಂದಳು.

ಒಳಗಿನ ಮೂಲೆಗಳಿಗೆ ರೆಸಿನ್ನಿನಲ್ಲಿ ಮರದ ಹೊಟ್ಟು ಕಲಸಿ, ಹಲ್ವದ ಹದಕ್ಕೆ ತಂದು, ಚಮಚದ ಹಿಂಬದಿಯಿಂದ ಒತ್ತಿ ನುಣ್ಣಗೆ ಮಾಡಿದೆವು. ಅದು ಒಣಗಿದ ಮೇಲೆ ತಾಮ್ರದ ತಂತಿಗಳನ್ನು ಕಿತ್ತು ಹಾಕಿ, ದೋಣಿಯನ್ನು ಬೋರಲು ಹಾಕಿದೆವು. ಇನ್ನು ಹೊರಮೈಗೆ ಗಾಜು ಹೊದಿಸುವುದು. ಆಷಾಢಕ್ಕೆ ಮುಂಚೆ ನೀರಿಗೆ ಇಳಿಸಬೇಕು ಎಂದು ಮಾವನವರು ಕಟ್ಟಪ್ಪಣೆ ಮಾಡಿದ್ದರು. ಆಷಾಢದಲ್ಲಿ ಅವರು ಹೊಸ ಪೊರಕೆಯನ್ನೂ ಬಳಸುವವರಲ್ಲ. ನೀರಿಗಿಳಿಸುವ ತನಕ ಹೋಗುವುದಿಲ್ಲ ಎಂದು ಹೊಣಕೆರೆ ಕಡೆಯ ತಮ್ಮ ಊರಿನಿಂದ ಹಲಸಿನಹಣ್ಣು ಹೊರಿಸಿಕೊಂಡು ಬಂದು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದ್ದರು.

ಬಂದವರು ಕುರ್ಚಿ ಹಾಕಿಸಿಕೊಂಡು ಕೂತದ್ದು ಕೊಟ್ಟಿಗೆಯ ಬಾಗಿಲಲ್ಲಿ. ನಾನು ಮರದ ಕೆಲಸ ಮಾಡಿದ ತಿಂಗಳುಗಳಲ್ಲಿ ಒಂದು ದಿನವಾದರೂ ಬಂದು ನೋಡಿದವರಲ್ಲ. ಈಗ ಷಡ್ಡಕ ಕತ್ತರಿ ಹಿಡಿದರೆ ಅದಕ್ಕೊಂದು ಶಹಬ್ಬಾಸು, ಬ್ರಷ್ಷು ಹಿಡಿದರೆ ಇನ್ನೊಂದು.

ಗಾಜು ಹೊದಿಸುವುದು ನೋಡಲು ಚೆಂದವೇ, ಇಲ್ಲ ಎನ್ನಲಾರೆ. ಬಿಳೀ ಬಟ್ಟೆಯನ್ನು ದೋಣಿಯ ಮೇಲೆ ಹಾಸಿದಾಗ ನನ್ನ ಮರವೆಲ್ಲಾ ಮುಚ್ಚಿಹೋಯಿತು. ಹೆಣಕ್ಕೆ ಬಟ್ಟೆ ಹೊದಿಸಿದ ಹಾಗೆ ಕಂಡು ನನ್ನ ಮನಸ್ಸು ಕೆಟ್ಟಿತು. ಆಮೇಲೆ ಅವನು ಮೇಲಿನಿಂದ ರೆಸಿನ್ ಸುರಿದು ರಬ್ಬರಿನ ಪಟ್ಟಿಯಲ್ಲಿ ಎಳೆದಂತೆ ಬಿಳುಪು ಕರಗಿ, ಬಟ್ಟೆಯೇ ಮಾಯವಾಗಿ, ಒಳಗಿನ ಮರ ಜೇನಿನ ಬಣ್ಣದಲ್ಲಿ ಹೊಳೆಯತೊಡಗಿತು. ನೆರೆದವರು ಓ ಎಂದರು. ಹೊಳೆದದ್ದು ನನ್ನ ಮರ, ಓ ಎಂದದ್ದು ಅವನಿಗೆ.

ಬಲಮಗ್ಗುಲು ಮುಗಿದು ಎಡಮಗ್ಗುಲಿಗೆ ಬರುವಷ್ಟರಲ್ಲಿ ಬಿಸಿಲೇರಿ ರೆಸಿನ್ನು ಬೇಗ ಬೇಗ ಅಂಟಾಗತೊಡಗಿತು. ಕೈಗವಸುಗಳು ಅಂಟಿಕೊಂಡು ಹರಿದವು, ಪ್ಯಾಕೆಟ್ಟು ಖಾಲಿಯಾಯಿತು. ನಮ್ಮಿಬ್ಬರ ಪೇಚಾಟ ನೋಡಿ ಮಾವನವರು ಎದ್ದರು.

“ಅಂಟ್ಗೆ ಇಂಗಾ ಎದ್ರೋದು? ತಡೀರಿ, ನಾನೂ ಒಂದ್ ಕೈ ಆಕ್ತೀನಿ. ಅಂಟಿನ್ ಸಾವಾಸ ನಂಗೇನ್ ಒಸ್ದಾ?”

ಮನೆಯೊಳಗೆ ಹೋಗಿ ಬಂದರು. ನಾವು ತಟ್ಟೆಯಲ್ಲಿ ರೆಸಿನ್ನು ಕಲಸುತ್ತಿದ್ದೆವು, ಯಾಕೆ ಹೋದರೆಂದು ಕೇಳಲಿಲ್ಲ. ಅವರು ಎಡಮಗ್ಗುಲಿನ ಬರಿಯ ಹಲಗೆಯನ್ನು ಧೂಳು ಹೋಗಲೆಂದು, ಹೋರಿಯ ಬೆನ್ನು ಸವರುವ ಹಾಗೆ ಎರಡೂ ಕೈಯಲ್ಲಿ ಪ್ರೀತಿಯಿಂದ ಸವರಿದರು. ಬಟ್ಟೆ ಹಾಸಲು ಹಿಡಿದುಕೊಟ್ಟರು. ಸಂಜೆ ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲಾ, “ನಾನೂ ದೋಣಿ ಕೆಲ್ಸ ಮಾಡ್ದೆ ಕಣ್ರಲಾ ಇವತ್ತು,” ಎಂದು ಹೇಳಿಕೊಂಡರು. ಅವರು ಅಷ್ಟು ಖುಷಿಯಾಗಿದ್ದುದನ್ನು ಅತ್ತೆ ತೀರಿಕೊಂಡ ಮೇಲೆ ನಾನು ನೋಡಿರಲಿಲ್ಲ.

ಕೆಲವು ದಿನ ಒಣಗಲು ಬಿಟ್ಟು, ಮೇಲ್ಮೈ ಉಜ್ಜಲು ನಾನೊಬ್ಬನೇ ಕೊಟ್ಟಿಗೆಗೆ ಹೋದೆ. ಗಾಜಿನ ಪುಡಿ ಮೈಗೆ ಹತ್ತಿದರೆ ಕೆಟ್ಟ ನವೆ. ಬಾಯಿಗೆ ಮಾಸ್ಕು, ಮೈತುಂಬಾ ಹಳೇ ಅಂಗಿ. ಎಡಮಗ್ಗುಲಿನ ನಡುವೆ ಬೆರಳ ಗೆಣ್ಣಿನಿಂದ ತಟ್ಟಿದೆ. ಗಟ್ಟಿ ಸದ್ದು ಬರಬೇಕಾದ ಕಡೆ ಟೊಳ್ಳು ಸದ್ದು ಬಂತು. ಇನ್ನೊಂದು ಕಡೆ ತಟ್ಟಿದೆ, ಅಲ್ಲೂ ಟೊಳ್ಳು. ಉಳಿಯ ತುದಿ ಸಿಕ್ಕಿಸಿ ಮೀಟಿದರೆ ಗಾಜು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸಲೀಸಾಗಿ ಎದ್ದು ಬಂತು.

ನನ್ನ ದೋಣಿ ಸಿಪ್ಪೆ ಏಳುತ್ತಿತ್ತು, ನನಗೆ ಖುಷಿಯಾಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ. ನನ್ನ ಮರ ಮರದ ಹಾಗೆ ಇತ್ತು, ಎದ್ದು ಬಂದದ್ದು ಗೋವಾದ ವಿದ್ಯೆ. ಫೋನಿನಲ್ಲಿ ದನಿಯಲ್ಲಿ ಗಾಬರಿ ತುಂಬಿಕೊಂಡು ಅವನಿಗೆ ಹೇಳಿದೆ. ಇಟ್ಟ ಮೇಲೆ ಒಂದು ಲೋಟ ಕಾಫಿ ಕೇಳಿ ಮಾಡಿಸಿಕೊಂಡು ಕುಡಿದೆ.

ಷಡ್ಡಕ ಹೋಟೆಲನ್ನು ಹೆಂಡತಿಗೆ ಒಪ್ಪಿಸಿ ಬಸ್ಸು ಹಿಡಿದು ಬಂದ. ನಾನು ಎಬ್ಬಿಸಿದ್ದ ಜಾಗ ನೋಡಿದ, ಬಗ್ಗಿ ಮೂಸಿದ, ಎದ್ದು ನಿಂತ. ಮಾವನವರು, ನನ್ನ ಹೆಂಡತಿ, ಬೇಲಿಯಾಚೆಯವರು ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

“ನನ್ ಕೈಯಲ್ಲೇ ತೆಪ್ಪಾಗದೆ. ಬಿಸ್ಲಲ್ಲಿ ಆತ್ರುಕ್ಕೆ ಹಾರ್ಡ್‌ನರ್ ಸರ್ಯಾಗ್ ಬೆರ್ಸಿಲ್ಲ,” ಎಂದ.

“ಗೋವಾದಲ್ಲೂ ಇಂಗೇ ಆಯ್ತಿತ್ತಾ?” ಎಂದು ನಾನು ಕೇಳಿಯೇಬಿಟ್ಟೆ. ಹೆಂಡತಿ ಕಣ್ಣು ಕೆಕ್ಕರಿಸಿದಳು. ಅವನು ನೆಲ ನೋಡಿದ. ಆದರೆ ನನ್ನ ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಮಾವನವರು ಕುರ್ಚಿಯಿಂದಲೇ ತೀರ್ಪು ಕೊಟ್ಟರು.

“ಚಿಕ್ ಅಳಿಯಂದ್ರೆ, ನೀವ್ ಸುಮ್ಕಿರಿ. ಅಷ್ಟ್ ವರ್ಸ ಮಾಡಿರೋ ಕೈ ತೆಪ್ಪಲ್ಲ. ಆ ಕಡೆ ಮಗ್ಗುಲು ಎಂಗ್ ಇಡ್ಕಂಡದೆ ನೋಡಿ. ಇದು ಪ್ಲೈವುಡ್ಡೇ ಸರಿ ಇಲ್ಲ. ದೊಡ್ ಅಳಿಯಂದ್ರು ಎಲ್ಲೋ ಅಸಿ ಮಾಲು ತಂದ್ಬುಟ್ಟವ್ರೆ.”

ಹಸಿ ಮಾಲು! ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು, ಅಂಚು ನೋಡಿ, ತಟ್ಟಿ ಆರಿಸಿ ತಂದಿದ್ದೆ. ತುಂಡೊಂದನ್ನು ನೀರಿನಲ್ಲಿ ಕುದಿಸಿ ಪದರ ಬಿಡುತ್ತದೆಯೇ ಎಂದು ಪರೀಕ್ಷೆಯನ್ನೂ ಮಾಡಿದ್ದೆ. ಗಾಜು ಚೆನ್ನಾಗಿದ್ದಾಗ ಹೊಗಳಿಕೆ ಅವನಿಗೆ, ಗಾಜು ಕಿತ್ತು ಬಂದಾಗ ಬೈಗುಳ ನನ್ನ ಮರಕ್ಕೆ. ಮೈಯೆಲ್ಲಾ ಉರಿದುಹೋಯಿತು. ಉಳಿ ತೆಗೆದುಕೊಂಡು ಉಳಿದ ಸಿಪ್ಪೆಯನ್ನು ಎಬ್ಬಿಸುತ್ತಾ ಕೂತೆ.

ಎಬ್ಬಿಸುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಗಾಜು ಇಡೀ ಮಗ್ಗುಲಿನಲ್ಲಿ ಬಿಟ್ಟಿರಲಿಲ್ಲ. ತೇಪೆ ತೇಪೆಯಾಗಿ ಬಿಟ್ಟಿತ್ತು. ಕೆಳಗಿನ ಮರ ಅಲ್ಲಿ ಮಾತ್ರ ಕಪ್ಪಾಗಿತ್ತು. ತೇಪೆಯ ಅಂಚಿನಲ್ಲಿ ಬೆರಳುಗಳ ಗುರುತು, ಎಳೆದ ಅಂಗೈಯ ಗುರುತು. ಮೂಗು ಹತ್ತಿರ ತಂದೆ. ಕೊಬ್ಬರಿ ಎಣ್ಣೆ.

ಹಲಸಿನಹಣ್ಣು ಬಿಡಿಸುವಾಗ ಮೇಣ ಅಂಟದಿರಲಿ ಎಂದು ನಮ್ಮ ಮನೆಗಳಲ್ಲಿ ಮಕ್ಕಳೂ ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಮಾವನವರಿಗೆ ರೆಸಿನ್ನೂ ಹಲಸಿನ ಮೇಣವೂ ಒಂದೇ. ಆವತ್ತು ಮನೆಯೊಳಗೆ ಹೋಗಿ ಎರಡೂ ಕೈಗೆ ಎಣ್ಣೆ ಬಳಿದುಕೊಂಡು ಬಂದು, ಹಲಗೆಯ ಉದ್ದಕ್ಕೂ ಸವರಿದ್ದರು. ಎಣ್ಣೆ ಕುಡಿದ ಮರಕ್ಕೆ ಯಾವ ರೆಸಿನ್ನು ತಾನೇ ಹಿಡಿಯುತ್ತದೆ?

ಷಡ್ಡಕನ ತೋಳು ಹಿಡಿದು ಹುಣಸೆಮರದ ಹತ್ತಿರ ಎಳೆದುಕೊಂಡು ಹೋದೆ. “ಯಾಕ್ ಅಂಗಾಯ್ತು ಗೊತ್ತಾ ನಿಂಗೆ?”

“ಬಂದು ಮೂಸ್ದಾಗ್ಲೇ ಗೊತ್ತಾಯ್ತು ಕಣಣ್ಣ.”

“ಮತ್ಯಾಕ್ಲಾ ನಿನ್ ತಲೆ ಮ್ಯಾಕೆ ಆಕಂಡೆ?”

“ಮಾವ ಆವತ್ತು ಎಷ್ಟ್ ಕುಸಿಯಾಗಿದ್ರು, ನೀವೂ ನೋಡುದ್ರಲ್ಲ. ಇದು ನಿಮ್ ಕೈಯಿಂದ ಆಗಿದ್ದು ಅಂತ ಅವ್ರಿಗೆ ಎಂಗ್ ಏಳದು? ಆ ಕೈಯ ಇನ್ನ ಯಾವುದ್ಕೂ ಚಾಚಕಿಲ್ಲ ಅವ್ರು.”

ನನಗೆ ಆ ಕ್ಷಣ ಅವನ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ಅದುವರೆಗೆ ಯಾವತ್ತೂ ಬಂದಿರಲಿಲ್ಲ. ವಿದ್ಯೆಯಲ್ಲಿ ಮುಂದೆ, ಮಾವನ ಮನೆಯಲ್ಲಿ ಮುಂದೆ, ಕೋಳಿ ತೊಡೆಯಲ್ಲಿ ಮುಂದೆ. ಒಳ್ಳೆಯತನದಲ್ಲಾದರೂ ನನಗೆ ಸ್ವಲ್ಪ ಬಿಟ್ಟುಕೊಡಬಾರದಿತ್ತೇ? ನಾನು ಕಾಫಿ ಕುಡಿದು ಸಂಭ್ರಮಿಸಿದ ತಪ್ಪನ್ನು ಇವನು ಮುದುಕನ ಮರ್ಯಾದೆ ಕಾಯಲು ತನ್ನ ತಲೆಗೆ ಹಾಕಿಕೊಂಡಿದ್ದ.

ಈಗ ಮುಂದೇನು ಎಂಬ ಮಾತು ಬಂತು. ಥಿನ್ನರಿನಲ್ಲಿ ತೊಳೆದು, ಚೆನ್ನಾಗಿ ಉಜ್ಜಿ, ಹೊಸದಾಗಿ ಗಾಜು ಹೊದಿಸೋಣ ಎಂದು ಅವನು ಅಂದ. ಹಾಗೆ ಮಾಡಿದರೆ ಊರಿನವರ ಕಣ್ಣಿನಲ್ಲಿ ಅದು ಗಾಜಿನ ತಪ್ಪಾಗಿಯೇ ಉಳಿಯುತ್ತಿತ್ತು, ನನಗೆ ಅನುಕೂಲವೇ. ನಾನು ಮತ್ತೆ ಹೋಗಿ ಹಲಗೆಯನ್ನು ನೋಡಿದೆ. ಕಪ್ಪು ಕಲೆ ಮೇಲಿನ ಪದರದ ನಾರಿನುದ್ದಕ್ಕೂ ಹರಿದಿತ್ತು. ಒಂದು ಮೂಲೆಯಲ್ಲಿ ಥಿನ್ನರು ಒರೆಸಿ ನೋಡಿದೆ. ಕಲೆ ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು. ಥಿನ್ನರು ಎಣ್ಣೆಯನ್ನು ತೆಗೆಯುವ ಬದಲು ಹೊತ್ತುಕೊಂಡು ಒಳಗೆ ಹೋಗುತ್ತಿತ್ತು. ಮೇಲೆ ಎಷ್ಟು ಚೆಂದ ಗಾಜು ಹೊದಿಸಿದರೂ ನಡು ಹಿನ್ನೀರಿನಲ್ಲಿ ಅದು ಮತ್ತೆ ಬಿಟ್ಟರೆ?

“ಈ ಅಲ್ಗೆ ಕುಯ್ದ್ ತೆಗೀಬೇಕು,” ಎಂದೆ.

“ಬ್ಯಾಡ ಅಣ್ಣ. ನೀವು ಮರ ತೆಗುದ್ರೆ ಮಾವ ಏನಂತಾರೆ? ಪ್ಲೈವುಡ್ಡೇ ಕೆಟ್ಟಿತ್ತು ಅಂತ ಊರ್ಗೆಲ್ಲಾ ಏಳ್ತಾರೆ.”

“ಏಳ್ಲಿ ಬುಡು. ಅದ್ರಲ್ಲಿ ಕೂತ್ಕಂಡು ನೀರಿಗೋಗೋನು ನಾನು.”

ಹೇಳುವುದೇನೋ ಹೇಳಿದೆ. ಗರಗಸ ಇಡಲು ಗೆರೆ ಎಳೆದು, ಅಳಿಸಿ, ಮತ್ತೆ ಎಳೆದೆ. ನಾನೇ ಹೊಲಿದ, ನಾನೇ ಉಜ್ಜಿದ ದೋಣಿಯ ಪಕ್ಕೆಯನ್ನು ನಾನೇ ಕುಯ್ದು ತೆಗೆದೆ. ಮಾವನವರು, “ನಾನೇಳಿದ್ದು ನಿಜ ಆಯ್ತು ನೋಡಿ, ಅಸಿ ಮಾಲೇ,” ಎಂದರು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಷಡ್ಡಕ ನನ್ನ ಮುಖ ನೋಡದೆ ಗಾಜು ಕತ್ತರಿಸತೊಡಗಿದ.

ತೆರೆದ ಜಾಗದ ಅಂಚುಗಳನ್ನು ದೋಣಿಯ ಮೈಮೇಲೇ ಇಳಿಜಾರಾಗಿ ಹೆರೆಯಬೇಕು. ಚಪ್ಪಟೆ ಹಲಗೆಯಾದರೆ ಸುಲಭ. ಇಲ್ಲಿ ಬಳುಕಿದ ಪಕ್ಕೆ, ಹತ್ತರಿ ಕೂರುವುದಿಲ್ಲ. ಉಳಿಯಲ್ಲೇ ಚೂರು ಚೂರಾಗಿ ತೆಗೆದು, ಪಟ್ಟೆಗಳು ನೆಟ್ಟಗೆ ಬರುವ ತನಕ ಬಿಡಲಿಲ್ಲ. ಹೊಸ ತುಂಡಿನ ಅಂಚನ್ನೂ ಅದಕ್ಕೆ ಸರಿಯಾಗಿ ಹೆರೆದು, ಒಳಗಿನಿಂದ ಆಸರೆ ಕೊಟ್ಟು, ಅಂಟು ಆಸರೆಗೆ ಹಿಡಿಯದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಪಟ್ಟಿಗಳಿಂದ ಬಿಗಿಯಬೇಕು. ಮೊದಲ ತುಂಡು ಬಗ್ಗಿಸುವಾಗ ಸೀಳಿತು. ಎರಡನೆಯದಕ್ಕೆ ಒದ್ದೆ ಗೋಣಿ ಸುತ್ತಿ, ಬಿಸಿನೀರು ಹುಯ್ದು, ಬಗ್ಗಿಸಿ ಕಟ್ಟಿ, ಪೂರ್ತಿ ಒಣಗಲು ಬಿಟ್ಟು ಆಮೇಲೆ ಕೂರಿಸಿದೆ. ಅಷ್ಟರಲ್ಲಿ ಆಷಾಢ ಬಂದುಬಿಟ್ಟಿತು. ಹೊರಗೆ ತೆಂಗಿನ ತಲೆ ಬಗ್ಗಿಸುವಂಥ ಗಾಳಿ, ಹಾಯಿದೋಣಿಗೆ ಹೇಳಿ ಮಾಡಿಸಿದ ಗಾಳಿ. ದೋಣಿ ಮಾತ್ರ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿತ್ತು.

ತೇಪೆಗೆ ಗಾಜು ಹೊದಿಸುವ ದಿನ ಷಡ್ಡಕ ಮಾವನವರಿಗೆ ಹೊರಗೆ ನೆರಳಿನಲ್ಲಿ ಕೂತು ಹಗ್ಗದ ತುದಿಗಳನ್ನು ಹೆಣೆಯುವ ಕೆಲಸ ಕೊಟ್ಟ. ಅವರು ಹೆಮ್ಮೆಯಿಂದ ಅದನ್ನೇ ಮಾಡುತ್ತಾ ಕೂತರು. ಇವನು ಅಂಗೈಯಿಂದ ನನ್ನ ಜೋಡಣೆಯನ್ನು ಸವರಿ, ಕಣ್ಣು ಮುಚ್ಚಿ, ಎರಡು ಸಲ ಹಿಂದೆ ಮುಂದೆ ಹೋದ. “ಎಲ್ಲಿ ಸೇರುಸಿದೀರಿ ಅಂತ್ಲೇ ಗೊತ್ತಾಯ್ತಿಲ್ಲ ಕಣಣ್ಣ,” ಎಂದ. ನಾನು ಮುಖ ಗಂಟು ಹಾಕಿಕೊಂಡೇ ಇದ್ದೆ. ಒಳಗೆ ಮಾತ್ರ ಹಿಗ್ಗಿತು.

ಶ್ರಾವಣದ ಒಂದು ಬೆಳಿಗ್ಗೆ ದೋಣಿಯನ್ನು ಟ್ರಾಕ್ಟರಿನ ಟ್ರೈಲರಿಗೆ ಹುಲ್ಲು ಹಾಸಿ ಮಲಗಿಸಿ, ಕೆ.ಆರ್. ಪೇಟೆ ಕಡೆಯ ಹಿನ್ನೀರಿನ ದಂಡೆಗೆ ಒಯ್ದೆವು. ಅಲ್ಲಿ ಮೀನು ಹಿಡಿಯುವವರ ಮುಖಂಡರನ್ನು ಮೊದಲೇ ಕೇಳಿಕೊಂಡಿದ್ದೆ. ಹೊಸ ಗಾಡಿಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವಲ್ಲ, ದೋಣಿಗೆ ಚಕ್ರ ಇಲ್ಲ. ಮಾವನವರು ಬಹಳ ಯೋಚನೆ ಮಾಡಿ ಮೂತಿಯ ಕೆಳಗೆ ನಿಂಬೆಹಣ್ಣುಗಳನ್ನಿಟ್ಟು, ಅವುಗಳ ಮೇಲೆ ದೋಣಿ ಎಳೆಸಿದರು. ಕಾಯಿ ಒಡೆದರು. ನೋಡಲು ಸೇರಿದ್ದ ಜನಕ್ಕೆ, “ಪ್ಲೈವುಡ್ಡು ಕೆಟ್ಟೋಗಿತ್ತು. ನಮ್ ಚಿಕ್ ಅಳಿಯಂದ್ರು ಇಲ್ದಿದ್ರೆ ಇದು ಸೌದೆಗೇ ಓಯ್ತಿತ್ತು,” ಎಂದು ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ನಾನು ಚುಕ್ಕಾಣಿ ಸಿಕ್ಕಿಸಿ, ಹಾಯಿ ಏರಿಸಿ, ಷಡ್ಡಕನಿಗೆ ಹತ್ತು ಎಂದೆ. ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಂಡಿದ್ದೆವು.

ಚುಕ್ಕಾಣಿಯನ್ನು ರಿಪೇರಿಗೆ ತಂದಿದ್ದವರ ಜೊತೆ ಭಾನುವಾರಗಳಲ್ಲಿ ಹೋಗಿ ಓಡಿಸುವುದನ್ನು ಕಲಿತಿದ್ದೆ. ದಡ ಬಿಟ್ಟು, ನಡುವಿನ ಸೀಳಿನಲ್ಲಿ ಹಲಗೆ ಕೆಳಗಿಳಿಸಿದೆ. ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವ ಹಲಗೆ ಅದು. ಹಗ್ಗ ಎಳೆದೆ. ಹಾಯಿ ಪಟಪಟ ಬಡಿದು, ಗಾಳಿ ತುಂಬಿ, ಸುಮ್ಮನಾಯಿತು. ದೋಣಿ ಓಡಿತು. ಕಾಲ ಕೆಳಗೆ ನೀರು ಸರಸರ ಎಂದಿತು. ತೇಪೆಯ ಹತ್ತಿರ ಕೈಯಿಟ್ಟು ನೋಡಿದೆ, ಒಂದು ಹನಿ ತೇವ ಇರಲಿಲ್ಲ.

ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ಒಬ್ಬರು ನಮ್ಮನ್ನು ನೋಡಿ ಕೂಗಿದರು. “ಯಾರ್ದಣ್ಣೋ ದೋಣಿ? ಯಾರ್ ಕಟ್ಟಿದ್ದು?”

ನಾನು ಬಾಯಿ ತೆರೆಯುವ ಮೊದಲೇ ಷಡ್ಡಕ ಕೂಗಿದ. “ನಮ್ಮಣ್ಣಂದು! ಅವ್ರೇ ಕಟ್ಟಿದ್ದು!”

ಹರಿಗೋಲಿನವರು ನನ್ನನ್ನು ನೋಡಿ ಕೈಯೆತ್ತಿದರು. ಅಷ್ಟು ತಿಂಗಳು ನಾನು ಕಾದಿದ್ದ ಮಾತು ಅದೇ. ಹೇಳಿದವನು ಇವನಾದ್ದರಿಂದ ರುಚಿಸಲಿಲ್ಲ. ಒಂದೇ ಒಂದು ಸಲ ನಾನು ಕಟ್ಟಿದ್ದು ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವನು ದೋಣಿಯ ಅಂಚಿನ ಮೇಲೆ ಕೈಯಿಟ್ಟುಕೊಂಡು ಹಾಯಿಯನ್ನೇ ನೋಡುತ್ತಿದ್ದ.

“ಗೋವಾದಲ್ಲಿ ದಿನಾ ಇಂಗೇ ಓಯ್ತಿದ್ದೆ ಅನ್ಸುತ್ತೆ,” ಎಂದು ಚುಚ್ಚಿದೆ.

“ಇಲ್ಲ ಕಣಣ್ಣ. ನೀರಿಗ್ ಬುಡೋ ದಿನ ಓನರ್ರು ಬರೋರು, ಅವ್ರ ಮನೆಯೋರು ಅತ್ಕಂಡು ಓಗೋರು. ನಾವು ದಡದಲ್ಲಿ ನಿಂತು ಕೈ ತೊಳ್ಕಳದು, ಮುಂದಿನ್ ದೋಣಿಗ್ ಓಗದು. ಒಂದ್ರಲ್ಲೂ ಕೂತಿಲ್ಲ ನಾನು.” ಆಮೇಲೆ ನಗುತ್ತಾ ಅಂದ. “ನಿಮ್ ಕೊಟ್ಗೇಲಿ ಈ ದೋಣಿ ನೋಡ್ದಾಗ್ಲಿಂದ ನಂಗೆ ಒಂದೇ ಒಟ್ಟೆಉರಿ. ತಾನೇ ಕಟ್ಕಂಡು ತಾನೇ ಓಗೋ ಯೋಗ ನಿಮ್ಗೆ ಬಂತಲ್ಲ ಅಂತ. ಬೇಜಾರ್ ಮಾಡ್ಕಬ್ಯಾಡಿ.”

ಹೊಟ್ಟೆಯುರಿ ನನ್ನೊಬ್ಬನ ಆಸ್ತಿ ಎಂದುಕೊಂಡಿದ್ದೆ. ಇವನು ಅದರಲ್ಲೂ ಪಾಲು ಇಟ್ಟುಕೊಂಡಿದ್ದ. ಅಷ್ಟೇ ಉರಿಯನ್ನು ಒಳಗಿಟ್ಟುಕೊಂಡು ರಜೆಯ ದಿನವೆಲ್ಲಾ ಬಂದು ನನ್ನ ದೋಣಿಗೆ ಗಾಜು ಹೊದಿಸಿದ್ದ.

“ಬಾ ಇಲ್ಲಿ. ಇಡ್ಕೊ,” ಎಂದೆ.

“ಬ್ಯಾಡ ಅಣ್ಣ. ಮೊದ್ಲುನೇ ದಿವ್ಸ, ನಿಮ್ದು.”

“ಇಡ್ಕೊ ಅಂದೆ ಕಣ್ಲಾ.”

ಜಾಗ ಬದಲಾಯಿಸುವಾಗ ದೋಣಿ ಹೊಯ್ದಾಡಿತು. ದಡದಲ್ಲಿ ನಮ್ಮ ಹೆಂಡಂದಿರು ಕೂಗಿಕೊಂಡರು. ಅವನು ಚುಕ್ಕಾಣಿ ಹಿಡಿದ. ಹಿಡಿದ ಕೂಡಲೇ ಮೂತಿ ಗಾಳಿಗೆ ಎದುರಾಗಿ, ಹಾಯಿ ಜೋಲುಬಿದ್ದು, ದೋಣಿ ನಿಂತುಬಿಟ್ಟಿತು. ಅವನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಬೆವರು ಕಿತ್ತುಕೊಂಡಿತು.

“ನಂಗ್ ಬರ್ತಾ ಇಲ್ವಲ್ಲಣ್ಣ!”

ಅವನಿಗೆ ಬಾರದ್ದೊಂದು ಇತ್ತು. ಅದು ನನಗೆ ಬರುತ್ತಿತ್ತು. ಆ ಸಂತೋಷವನ್ನು ಎಷ್ಟು ಹೊತ್ತು ಬೇಕಾದರೂ ಚಪ್ಪರಿಸಬಹುದಿತ್ತು. ಹಾಯಿಯನ್ನು ಕೈಯಿಂದ ಗಾಳಿಗೆ ಒಡ್ಡಿ ಹಿಡಿದು, “ನಿನ್ ಕಡೀಕ್ ಎಳ್ಕೊ. ಊಂ. ಈಗ ಮೆಲ್ಲುಗ್ ಬುಡು,” ಎಂದೆ.

ಮೂತಿ ತಿರುಗಿತು, ಹಾಯಿ ತುಂಬಿತು. ಅವನ ಅಂಗೈಗೆ ಅದು ಗೊತ್ತಾಗಿಬಿಟ್ಟಿತು. ಸ್ವಲ್ಪ ಹೊತ್ತಿನಲ್ಲೇ ದೋಣಿ ನಾನು ಓಡಿಸಿದ್ದಕ್ಕಿಂತ ನೆಟ್ಟಗೆ, ನಾನು ಓಡಿಸಿದ್ದಕ್ಕಿಂತ ಜೋರಾಗಿ ಓಡತೊಡಗಿತು. ಅವನು ಕಣ್ಣು ಮುಚ್ಚಿಕೊಂಡಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನೋಡಲಾಗದೆ ನಾನು ಆ ಕಡೆ ತಿರುಗಿ ಕೂತೆ. ಹೊಟ್ಟೆ ಉರಿಯುತ್ತಲೇ ಇತ್ತು. ದಡ ಮುಟ್ಟುವ ತನಕ ಚುಕ್ಕಾಣಿಯನ್ನು ವಾಪಸು ಕೇಳಲಿಲ್ಲ.